ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನ: ಜಾಗ, ಕಾರಣ, ಇಸವಿ ಹಿಡಿದು ಓದುವ ಬಗೆ

ಹತ್ತನೇ ತರಗತಿಯಲ್ಲಿ ಮಕ್ಕಳು ಎಲ್ಲಕ್ಕಿಂತ ಕೊನೆಗೆ ಕೈಗೆತ್ತಿಕೊಳ್ಳುವುದು ಸಮಾಜ ವಿಜ್ಞಾನವನ್ನು. ಗಣಿತಕ್ಕೂ ವಿಜ್ಞಾನಕ್ಕೂ ಜೂನ್‌ನಿಂದಲೇ ಟ್ಯೂಷನ್ ಶುರುವಾಗುತ್ತದೆ. ‘ಸಮಾಜ’ಕ್ಕೆ ಮಾತ್ರ ಫೆಬ್ರವರಿ ಸಾಕು, ಗೈಡ್ ಹಿಡಿದು ಉರು ಹೊಡೆದರಾಯಿತು ಎಂಬ ಲೆಕ್ಕಾಚಾರ. ಈ ಲೆಕ್ಕ ತಪ್ಪುವುದು ಎರಡು ಕಡೆ. ಒಂದೇ ಹೆಸರಿನಡಿ ಇಲ್ಲಿ ಆರು ವಿಷಯಗಳಿವೆ: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಹದಿನೈದು ದಿನದಲ್ಲಿ ಮುಗಿಯುವ ಗಾತ್ರ ಇದಲ್ಲ. ಇನ್ನೊಂದು, ಉರು ಹೊಡೆದ ಉತ್ತರ ಪ್ರಶ್ನೆಯ ಮಾತು ಬದಲಾದ ಕೂಡಲೇ ಕೈಕೊಡುತ್ತದೆ. ‘ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳಾವುವು?’ ಎಂದರೆ ಪಟಪಟನೆ ಬರೆಯುವ ಹುಡುಗಿ, ‘ಮೂರನೇ ಆಂಗ್ಲೋ-ಮೈಸೂರು ಯುದ್ಧ ಟಿಪ್ಪುವಿನ ಬಲವನ್ನು ಹೇಗೆ ಕುಗ್ಗಿಸಿತು?’ ಎಂದು ಕೇಳಿದರೆ ಪೆನ್ನು ಕೆಳಗಿಡುತ್ತಾಳೆ. ಎರಡಕ್ಕೂ ಬೇಕಾದ ಸಂಗತಿಗಳು ಬಹುಪಾಲು ಒಂದೇ.

ಇಲ್ಲಿ ಹೇಳುವ ಕ್ರಮದ ತಿರುಳು ಇಷ್ಟು: ಓದುವ ಪ್ರತಿ ಸಂಗತಿಗೂ ಒಂದು ಜಾಗವನ್ನೂ ಒಂದು ಕಾರಣವನ್ನೂ ಕಟ್ಟಬೇಕು. ಅವೆರಡೂ ಗೊತ್ತಿದ್ದರೆ ಇಸವಿ ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಪಠ್ಯಪುಸ್ತಕದ ಎರಡೂ ಭಾಗ, ಒಂದು ಶಾಲಾ ಅಟ್ಲಾಸ್, 200 ಪುಟದ ಒಂದು ಲಾಂಗ್ ನೋಟ್‌ಬುಕ್, ಸ್ಕೇಲು, ಎಚ್‌ಬಿ ಪೆನ್ಸಿಲ್, ರಬ್ಬರು, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಖಾಲಿ ಭಾರತ ನಕ್ಷೆಗಳ ಒಂದು ಕಟ್ಟು. ಇವುಗಳ ಜೊತೆಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಾ ವರ್ಷ ಬಿಡುವ ಮಾದರಿ ಪ್ರಶ್ನೆಪತ್ರಿಕೆ. ಪತ್ರಿಕೆಯ ಸ್ವರೂಪ ಆಗಾಗ ಬದಲಾಗುವುದರಿಂದ ಅಣ್ಣ, ಅಕ್ಕ ಬರೆದ ಹಳೆಯ ಪತ್ರಿಕೆಯನ್ನೇ ನಂಬಿ ಕೂರಬೇಡಿ. ನೋಟ್‌ಬುಕ್‌ನ ಎಡಪುಟವನ್ನು ನಕ್ಷೆ, ಕಾಲರೇಖೆ, ಬಾಣದ ಗುರುತುಗಳಿಗೆ ಬಿಡಿ. ಬಲಪುಟದಲ್ಲಿ ಉತ್ತರ ಬರೆಯಿರಿ. ಪರೀಕ್ಷೆಯ ಹಿಂದಿನ ದಿನ ಎಡಪುಟಗಳನ್ನಷ್ಟೇ ತಿರುವಿದರೆ ಇಡೀ ಪುಸ್ತಕ ಒಂದು ಸುತ್ತು ಬರುತ್ತದೆ.

ಮೊದಲು ನಕ್ಷೆ

ಭೂಗೋಳದ ಪಾಠಗಳು ಮುಗಿದ ಮೇಲೆ ನಕ್ಷೆ ಕಲಿಯುವುದು ವಾಡಿಕೆ. ಅದನ್ನು ತಿರುಗಿಸಿ, ಜೂನ್‌ನಲ್ಲೇ ನಕ್ಷೆ ಕಲಿಯಿರಿ. ಯುದ್ಧಗಳು ನಡೆದ ಪ್ಲಾಸಿ ಎಲ್ಲಿದೆ, ಬಕ್ಸಾರ್ ಎಲ್ಲಿದೆ ಎಂಬುದು ಕಣ್ಣಿಗೆ ಕಟ್ಟದಿದ್ದರೆ ಇತಿಹಾಸವೂ ಬರೀ ಹೆಸರುಗಳ ಸಾಲಾಗುತ್ತದೆ. ಪರೀಕ್ಷೆಯಲ್ಲಿ ನಕ್ಷೆಯ ಪ್ರಶ್ನೆಗೆ 5 ಅಂಕ ಇಡುವ ಪದ್ಧತಿ ಇದೆ, ಬರೆದಷ್ಟೂ ಖಚಿತವಾಗಿ ಸಿಗುವ ಅಂಕಗಳು ಅವು.

ಕಣ್ಣಂದಾಜಿನಲ್ಲಿ ಭಾರತ ಬರೆಯಲು ಹೋದವರು ಸಾಮಾನ್ಯವಾಗಿ ದಕ್ಷಿಣವನ್ನು ತೀರಾ ದಪ್ಪ ಮಾಡುತ್ತಾರೆ, ಈಶಾನ್ಯ ರಾಜ್ಯಗಳಿಗೆ ಜಾಗವೇ ಉಳಿಯುವುದಿಲ್ಲ. ಚೌಕಟ್ಟು ಹಾಕಿಕೊಂಡು ಬರೆದರೆ ಈ ತೊಂದರೆ ಇಲ್ಲ. ಭಾರತದ ಮುಖ್ಯ ಭೂಭಾಗ 8°4' ರಿಂದ 37°6' ಉತ್ತರ ಅಕ್ಷಾಂಶದವರೆಗೆ, 68°7' ರಿಂದ 97°25' ಪೂರ್ವ ರೇಖಾಂಶದವರೆಗೆ ಹರಡಿದೆ. ಎರಡೂ ದಿಕ್ಕಿನಲ್ಲಿ ಸುಮಾರು 29 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಅರ್ಧ ಸೆಂ.ಮೀ., ಒಂದು ಡಿಗ್ರಿ ರೇಖಾಂಶಕ್ಕೆ ಅದಕ್ಕಿಂತ ತುಸು ಕಡಿಮೆ, ಅಂದರೆ 0.45 ಸೆಂ.ಮೀ. ಹಿಡಿಯಿರಿ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದೇ ಈ ವ್ಯತ್ಯಾಸಕ್ಕೆ ಕಾರಣ. ಹೀಗೆ 14.5 ಸೆಂ.ಮೀ. ಎತ್ತರ, 13 ಸೆಂ.ಮೀ. ಅಗಲದ ಒಂದು ಆಯತ ಸಿಗುತ್ತದೆ.

ಆಯತದ ಅಗಲದ ಸರಿಮಧ್ಯದಲ್ಲಿ, ಎಡದಿಂದ 6.5 ಸೆಂ.ಮೀ.ಗೆ, ಮೇಲಿಂದ ಕೆಳಕ್ಕೆ ಒಂದು ತೆಳು ಗೆರೆ ಎಳೆಯಿರಿ. ಅದೇ 82½° ಪೂರ್ವ ರೇಖಾಂಶ, ನಮ್ಮ ದೇಶದ ಗಡಿಯಾರಗಳಿಗೆಲ್ಲ ಆಧಾರವಾದ ಗೆರೆ. ಕೆಳಗಿನಿಂದ 7.75 ಸೆಂ.ಮೀ. ಎತ್ತರದಲ್ಲಿ, ಅಂದರೆ ಎತ್ತರದ ಮಧ್ಯಕ್ಕಿಂತ ಅರ್ಧ ಸೆಂ.ಮೀ. ಮೇಲೆ ಅಡ್ಡಗೆರೆ ಎಳೆಯಿರಿ. ಅದು 23½° ಉತ್ತರದ ಕರ್ಕಾಟಕ ಸಂಕ್ರಾಂತಿ ವೃತ್ತ. ನಕ್ಷೆಯ ಪ್ರಶ್ನೆಯಲ್ಲಿ ಮತ್ತೆ ಮತ್ತೆ ಕೇಳುವ ಎರಡು ಗೆರೆಗಳು ಗಡಿ ಬರೆಯುವ ಮೊದಲೇ ಸಿದ್ಧವಾದವು.

ಇನ್ನು ಚುಕ್ಕಿಗಳು. ಎಡದಿಂದ ಎಷ್ಟು, ಕೆಳಗಿನಿಂದ ಎಷ್ಟು ಎಂಬ ಕ್ರಮದಲ್ಲಿ ಸೆಂ.ಮೀ. ಲೆಕ್ಕ ಹೀಗಿದೆ:

ಕನ್ಯಾಕುಮಾರಿ: 4.3, 0
ಮಂಗಳೂರು: 3.1, 2.5
ಚೆನ್ನೈ: 5.5, 2.5
ಮುಂಬೈ: 2.2, 5.5
ವಿಶಾಖಪಟ್ಟಣ: 6.9, 4.9
ಗಂಗೆಯ ಮುಖಜ ಭೂಮಿಯ ಕಡಲಂಚು: 9.2, 6.8
ಗುಜರಾತಿನ ಪಶ್ಚಿಮ ತುದಿ: 0, 7.8
ಅಮೃತಸರ: 3.1, 11.8
ಉತ್ತರ ತುದಿ: 3, 14.5
ಅರುಣಾಚಲದ ಪೂರ್ವ ತುದಿ: 13, 10

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಒಳಗಿನ ನಂಟು ಕಂಡುಕೊಳ್ಳಿ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಸುಮಾರು 13° ಅಕ್ಷಾಂಶದಲ್ಲಿ ಒಂದೇ ಸಾಲಿಗೆ ಬರುತ್ತವೆ. ಕನ್ಯಾಕುಮಾರಿಯಿಂದ ನೇರ ಮೇಲೆ ಹೋದರೆ ಬೆಂಗಳೂರು, ಭೋಪಾಲ್, ದೆಹಲಿ ಮೂರೂ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಸಿಗುತ್ತವೆ. ಮಂಗಳೂರಿನಿಂದ ನೇರ ಮೇಲೆ ಹೋದರೆ ಅಮೃತಸರ, ಅದರ ಮೇಲೆ ದೇಶದ ಉತ್ತರ ತುದಿ. ಗುಜರಾತಿನ ಪಶ್ಚಿಮ ತುದಿ ಇರುವುದು ಸಂಕ್ರಾಂತಿ ವೃತ್ತ ಎಡಗೆರೆಗೆ ತಾಗುವ ಜಾಗದಲ್ಲೇ. ಈ ನಾಲ್ಕು ನೆನಪಿದ್ದರೆ ಚುಕ್ಕಿಗಳಲ್ಲಿ ಬಹುಪಾಲು ಸ್ಕೇಲಿಲ್ಲದೆಯೂ ಇಡಬಹುದು.

ಚುಕ್ಕಿಗಳನ್ನು ಸೇರಿಸುವಾಗ ಮೂರು ಕಡೆ ನಿಧಾನಿಸಿ. ಸೌರಾಷ್ಟ್ರದ ಉಬ್ಬು ಮತ್ತು ಅದರ ಬಲಕ್ಕಿರುವ ಖಂಭಾತ್ ಕೊಲ್ಲಿಯ ಸೀಳು ಬಿಟ್ಟುಹೋದರೆ ಕಾಂಡ್ಲಾ, ನರ್ಮದೆ ಎರಡಕ್ಕೂ ಜಾಗ ತಪ್ಪುತ್ತದೆ. ನೇಪಾಳದ ಗಡಿ ಉತ್ತರಾಖಂಡದಿಂದ ಸಿಲಿಗುರಿಯವರೆಗೆ ಬಲಕ್ಕೆ ಇಳಿಜಾರಾಗಿ ಬರಬೇಕು, ಅಡ್ಡಡ್ಡ ನೇರವಾಗಿ ಅಲ್ಲ. ಸಿಲಿಗುರಿಯ ಕಿರಿದಾದ ಕೊರಳು ಬರೆಯದೆ ಈಶಾನ್ಯ ರಾಜ್ಯಗಳನ್ನು ಅಂಟಿಸಿದರೆ ಬಾಂಗ್ಲಾದೇಶ ಭಾರತದೊಳಗೆ ಸೇರಿಕೊಳ್ಳುತ್ತದೆ. ಅಂಡಮಾನ್ (11, 2ರ ಸುತ್ತ) ಮತ್ತು ಲಕ್ಷದ್ವೀಪಕ್ಕೆ (2, 1.3ರ ಸುತ್ತ) ನಾಲ್ಕಾರು ಚುಕ್ಕಿ ಇಡಲು ಮರೆಯಬೇಡಿ. ಜಮ್ಮು ಮತ್ತು ಕಾಶ್ಮೀರ, ಲಡಾಖ್‌ಗಳ ಗಡಿಯನ್ನು ಪಠ್ಯಪುಸ್ತಕದಲ್ಲಿರುವಂತೆ ಪೂರ್ತಿ ಬರೆಯಿರಿ. ವಿದೇಶಿ ಜಾಲತಾಣಗಳ ನಕ್ಷೆ ನೋಡಿ ನಕಲು ಮಾಡುವವರು ಎಡವುವುದು ಇಲ್ಲೇ.

ಗುರುತಿಸುವಾಗ ಪಟ್ಟಿಯನ್ನು ಸಾಲಾಗಿ ಕಲಿಯಿರಿ. ಬಂದರುಗಳಾದರೆ ಕರಾವಳಿ ಹಿಡಿದು ನಡೆಯಿರಿ: ಕಾಂಡ್ಲಾ, ಮುಂಬೈ, ನವಶೇವಾ, ಮರ್ಮಗೋವಾ, ನವಮಂಗಳೂರು, ಕೊಚ್ಚಿ, ಅಲ್ಲಿಂದ ಕನ್ಯಾಕುಮಾರಿ ಸುತ್ತಿ ತೂತ್ತುಕುಡಿ, ಚೆನ್ನೈ, ಎನ್ನೋರ್, ವಿಶಾಖಪಟ್ಟಣ, ಪಾರಾದೀಪ, ಹಾಲ್ದಿಯಾ, ಕೋಲ್ಕತ್ತಾ. ಹೂಗ್ಲಿ ನದಿಯ ದಡದ ಕೋಲ್ಕತ್ತಾ ಬಿಟ್ಟು ಉಳಿದ ಬಂದರುಗಳ ಚುಕ್ಕಿ ಕರಾವಳಿಯ ಗೆರೆಯ ಮೇಲೇ ಕೂರಬೇಕು. ಒಂದು ಸೆಂ.ಮೀ. ಒಳಗೆ ಹೋದರೆ ಅದು ಬಂದರಲ್ಲ, 200 ಕಿ.ಮೀ.ಗೂ ಹೆಚ್ಚು ಒಳನಾಡಿನ ಊರು. ನದಿಯನ್ನು ಹುಟ್ಟಿನಿಂದ ಕಡಲವರೆಗೆ ಎಳೆಯಿರಿ. ನರ್ಮದೆ ಮಧ್ಯದ ಲಂಬಗೆರೆಯ ತುಸು ಎಡಕ್ಕೆ, ಅಮರಕಂಟಕದಲ್ಲಿ ಹುಟ್ಟಿ ಸಂಕ್ರಾಂತಿ ವೃತ್ತದ ಕೆಳಗೇ ಪಶ್ಚಿಮಕ್ಕೆ ಹರಿದು ಖಂಭಾತ್ ಕೊಲ್ಲಿ ಸೇರುತ್ತದೆ. ಅದರ ಕೆಳಗೆ ತಪತಿ. ಸಂಕ್ರಾಂತಿ ವೃತ್ತ ಹಾದುಹೋಗುವ ಎಂಟು ರಾಜ್ಯಗಳನ್ನೂ ಎಡದಿಂದ ಬಲಕ್ಕೆ ಬೆರಳಿಟ್ಟು ಹೇಳಿ: ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರಾ, ಮಿಜೋರಾಂ.

ವಾರಕ್ಕೊಂದು ನಕ್ಷೆ ಸಾಕು. ಮೊದಮೊದಲು ಅರ್ಧ ಗಂಟೆ ಹಿಡಿಯುತ್ತದೆ, ದಸರಾ ರಜೆಯ ಹೊತ್ತಿಗೆ ಹತ್ತು ನಿಮಿಷದೊಳಗೆ ಬರಬೇಕು.

ಇತಿಹಾಸ: ಒಪ್ಪಂದದಿಂದ ಮುಂದಿನ ಯುದ್ಧಕ್ಕೆ

ಆಂಗ್ಲೋ-ಮೈಸೂರು ಯುದ್ಧಗಳ ಪಾಠವನ್ನೇ ತೆಗೆದುಕೊಳ್ಳಿ. ನಾಲ್ಕು ಯುದ್ಧ, ಮೂರು ಒಪ್ಪಂದ, ಇಸವಿಗಳ ರಾಶಿ. ಪ್ರತಿ ಯುದ್ಧಕ್ಕೆ ‘ಕಾರಣ, ಘಟನೆ, ಪರಿಣಾಮ’ ಎಂದು ಬೇರೆ ಬೇರೆ ಬರೆದುಕೊಂಡರೆ ಹನ್ನೆರಡು ಬಿಡಿ ಪಟ್ಟಿಗಳಾಗುತ್ತವೆ, ಒಂದರ ಅಂಶ ಇನ್ನೊಂದಕ್ಕೆ ಹಾರುತ್ತದೆ. ಹಾಗಲ್ಲದೆ ಪ್ರತಿ ಒಪ್ಪಂದವನ್ನು ಓದುವಾಗ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದರ ಯಾವ ಮಾತು ಮುಂದಿನ ಯುದ್ಧಕ್ಕೆ ದಾರಿ ಮಾಡಿತು?

ಮೊದಲ ಯುದ್ಧ 1767ರಿಂದ 1769. ಹೈದರಾಲಿ ಮದ್ರಾಸಿನ ಬಾಗಿಲಿಗೇ ಬಂದಾಗ ಇಂಗ್ಲಿಷರು ಮದ್ರಾಸ್ ಒಪ್ಪಂದಕ್ಕೆ ಬಂದರು. ಅದರಲ್ಲೊಂದು ಷರತ್ತು, ಮೂರನೆಯವರು ದಾಳಿ ಮಾಡಿದರೆ ಒಬ್ಬರಿಗೊಬ್ಬರು ನೆರವಾಗಬೇಕು. ಮುಂದೆ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಇಂಗ್ಲಿಷರು ನೆರವಿಗೆ ಬರಲಿಲ್ಲ. ಆ ಸಿಟ್ಟು ಇರುವಾಗಲೇ 1779ರಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆಯನ್ನು ಹಿಡಿದರು. ಮಾಹೆ ಇರುವುದು ಮಲಬಾರ್ ಕರಾವಳಿಯಲ್ಲಿ, ಹೈದರನಿಗೆ ಹೊರಗಿನ ಸರಕು ಬರುತ್ತಿದ್ದ ದಾರಿಯಲ್ಲಿ. 1780ರಲ್ಲಿ ಎರಡನೇ ಯುದ್ಧ. ನಡುವೆ 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ, ಟಿಪ್ಪು ಯುದ್ಧ ಮುಂದುವರಿಸಿದ, 1784ರಲ್ಲಿ ಮಂಗಳೂರು ಒಪ್ಪಂದ. ಗೆದ್ದ ಜಾಗಗಳನ್ನು ಇಬ್ಬರೂ ಹಿಂದಿರುಗಿಸಿದರು. ಹಾಗೆಂದರೆ ಯಾರ ಬಲವೂ ಕುಗ್ಗಲಿಲ್ಲ, ಜಗಳವೂ ಮುಗಿಯಲಿಲ್ಲ. ಇಂಗ್ಲಿಷರ ಸ್ನೇಹದಲ್ಲಿದ್ದ ತಿರುವಾಂಕೂರಿನ ಮೇಲೆ ಟಿಪ್ಪು ಏರಿಹೋದದ್ದು ಮೂರನೇ ಯುದ್ಧಕ್ಕೆ ನೆಪವಾಯಿತು, 1790ರಿಂದ 1792.

ಇಲ್ಲಿಂದ ನಕ್ಷೆ ತೆರೆದಿಟ್ಟುಕೊಳ್ಳಿ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಯುದ್ಧವೆಚ್ಚಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಹೋದ ಅರ್ಧ ರಾಜ್ಯದಲ್ಲಿ ಯಾವ ಯಾವ ಸೀಮೆ ಇತ್ತೆಂದು ನೋಡಿ: ಪಶ್ಚಿಮದಲ್ಲಿ ಮಲಬಾರ್ ಮತ್ತು ಕೊಡಗು ಕೈತಪ್ಪಿದವು, ಪೂರ್ವದಲ್ಲಿ ಈಗಿನ ಕೃಷ್ಣಗಿರಿ, ಸೇಲಂ ಕಡೆಯ ಬಾರಾಮಹಲ್. 1799ರ ನಾಲ್ಕನೇ ಯುದ್ಧದಲ್ಲಿ ಇಂಗ್ಲಿಷರ ಮುಂಬೈ ಸೇನೆ ಬಂದದ್ದು ಕೊಡಗಿನ ಮೂಲಕ, ಮದ್ರಾಸ್ ಸೇನೆ ಬಂದದ್ದು ಬಾರಾಮಹಲ್ ಹಾದು. ಕಳೆದುಕೊಂಡ ಎರಡು ಬಾಗಿಲುಗಳಿಂದಲೇ ಶತ್ರು ಒಳಗೆ ಬಂದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಕ್ಷೆಯ ಮೇಲೆ ಎರಡು ಬಾಣ ಎಳೆದು ನೋಡಿದ ವಿದ್ಯಾರ್ಥಿಗೆ ‘ಟಿಪ್ಪುವಿನ ಬಲ ಹೇಗೆ ಕುಗ್ಗಿತು’ ಎಂಬ ಪ್ರಶ್ನೆಗೆ ಗೈಡ್ ಬೇಕಾಗುವುದಿಲ್ಲ.

ಸರಪಳಿ ಅಲ್ಲಿಗೇ ಕಡಿಯಬಾರದು. 1799ರಲ್ಲಿ ಉಳಿದ ಮೈಸೂರು ಸಹಾಯಕ ಸೈನ್ಯ ಪದ್ಧತಿಯ (ರಾಜನ ಖರ್ಚಿನಲ್ಲಿ ಇಂಗ್ಲಿಷ್ ಸೈನ್ಯ ಇಟ್ಟುಕೊಳ್ಳುವ) ಕಟ್ಟಿನೊಂದಿಗೆ ಒಡೆಯರ ವಂಶಕ್ಕೆ ಬಂತು. 1830-31ರ ನಗರ ದಂಗೆಯ ನೆಪದಲ್ಲಿ 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು, 1881ರಲ್ಲಿ ಮರಳಿ ಕೊಟ್ಟರು. ಐವತ್ತು ವರ್ಷದ ಕಮಿಷನರ್ ಆಳ್ವಿಕೆ. ಎಡಪುಟದಲ್ಲಿ ಇದು ಹತ್ತು ಸಾಲಿನ ಬಾಣಗಳ ಸರಪಳಿಯಾಗಿ ಇರಲಿ.

ಕಾಲರೇಖೆಗೆ ಒಂದು ಡ್ರಾಯಿಂಗ್ ಶೀಟ್ ತಂದು 1750ರಿಂದ 1950ರವರೆಗೆ 1 ಸೆಂ.ಮೀ.ಗೆ 5 ವರ್ಷದಂತೆ 40 ಸೆಂ.ಮೀ. ಗೆರೆ ಹಾಕಿ ಗೋಡೆಗೆ ಅಂಟಿಸಿ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಆಟೋಮನ್ ತುರ್ಕರ ವಶವಾದದ್ದು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಬಳಿಯ ಕಾಪ್ಪಾಡಿಗೆ ಬಂದದ್ದು ಈ ಅಳತೆಯಲ್ಲಿ ಹಿಡಿಯುವುದಿಲ್ಲ, ಎಡತುದಿಯಲ್ಲಿ ಗೆರೆ ಮುರಿದು ಬೇರೆಯಾಗಿ ಬರೆಯಿರಿ. 1905ರ ನಂತರ ಘಟನೆಗಳು ಒತ್ತೊತ್ತಾಗಿ ಬಂದು ಅಕ್ಷರ ಹಿಡಿಯದಾಗುತ್ತದೆ. ಅದಕ್ಕಾಗಿ 1905ರಿಂದ 1947ರವರೆಗೆ 1 ಸೆಂ.ಮೀ.ಗೆ 1 ವರ್ಷದ ಎರಡನೇ ಗೆರೆ ಹಾಕಿ. ಗೆರೆಯ ಮೇಲ್ಗಡೆ ದೇಶದ ಘಟನೆ, ಕೆಳಗಡೆ ಕರ್ನಾಟಕದ್ದು. ಮೇಲೆ 1930ರ ದಂಡಿ ಉಪ್ಪಿನ ಸತ್ಯಾಗ್ರಹ ಬಂದಾಗ ಕೆಳಗೆ ಅಂಕೋಲಾದ ಉಪ್ಪಿನ ಸತ್ಯಾಗ್ರಹ ಬರುತ್ತದೆ. 1942ರ ಕ್ವಿಟ್ ಇಂಡಿಯಾ ಕೆಳಗೆ ಈಸೂರು. 1924ರಲ್ಲಿ ಮೇಲೂ ಕೆಳಗೂ ಒಂದೇ ಹೆಸರು, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದ ಬೆಳಗಾವಿ.

ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಗೊಂದಲ ಸಹಾಯಕ ಸೈನ್ಯ ಪದ್ಧತಿ ಮತ್ತು ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿಯ ನಡುವಿನದು. ಮೊದಲನೆಯದು ವೆಲ್ಲೆಸ್ಲಿ ತಂದದ್ದು, 1798. ಎರಡನೆಯದು ಡಾಲ್‌ಹೌಸಿಯದು, 1848. ಸರಿಯಾಗಿ ಐವತ್ತು ವರ್ಷದ ಅಂತರ. ಮೊದಲನೆಯದರಲ್ಲಿ ರಾಜ ಉಳಿಯುತ್ತಾನೆ. ಅವನ ಖರ್ಚಿನಲ್ಲಿ ಇಂಗ್ಲಿಷ್ ಸೈನ್ಯ, ಆಸ್ಥಾನದಲ್ಲಿ ಇಂಗ್ಲಿಷ್ ರೆಸಿಡೆಂಟ್ ಬರುತ್ತಾರೆ. ಎರಡನೆಯದರಲ್ಲಿ ರಾಜನಿಗೆ ಸ್ವಂತ ಮಗನಿಲ್ಲದಿದ್ದರೆ ರಾಜ್ಯವೇ ಹೋಗುತ್ತದೆ. ಸತಾರಾ, ಝಾನ್ಸಿ, ನಾಗಪುರ ಹೀಗೆ ಹೋದವು. 1856ರಲ್ಲಿ ಅವಧ್ ಹೋದದ್ದು ದತ್ತಿನ ಕಾರಣಕ್ಕಲ್ಲ, ದುರಾಡಳಿತದ ಆರೋಪ ಹೊರಿಸಿ. ಕಿತ್ತೂರಿನಲ್ಲೂ ದತ್ತಿನ ತಕರಾರೇ ಇದ್ದುದರಿಂದ ಅನೇಕರು ಅಲ್ಲಿ ಡಾಲ್‌ಹೌಸಿಯ ಹೆಸರು ಬರೆದುಬಿಡುತ್ತಾರೆ. ಚೆನ್ನಮ್ಮನ ಯುದ್ಧ ನಡೆದದ್ದು 1824ರ ಅಕ್ಟೋಬರ್‌ನಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗುವುದಕ್ಕೆ 24 ವರ್ಷ ಮೊದಲು. ಅಲ್ಲಿ ಬರೆಯಬೇಕಾದ ಹೆಸರು ಧಾರವಾಡದ ಕಲೆಕ್ಟರ್ ಥ್ಯಾಕರೆ. ಕಾಲರೇಖೆಯಲ್ಲಿ ಎರಡನ್ನೂ ಗುರುತಿಸಿದವರು ಈ ತಪ್ಪು ಮಾಡುವುದಿಲ್ಲ.

ಪಠ್ಯದ ಹೊರಗೆ ಒಂದು ಅಭ್ಯಾಸವಿದೆ, ಪ್ರಾಜೆಕ್ಟ್‌ಗೂ ಬರುತ್ತದೆ: ಊರ ಹೊರಗಿನ ವೀರಗಲ್ಲನ್ನು ಓದುವುದು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ ಅಥವಾ ತುರುಗಳ ರಕ್ಷಣೆ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ಕಲ್ಲಿಗೆ ಸುಣ್ಣ, ಸೀಮೆಸುಣ್ಣದ ಪುಡಿ, ಎಣ್ಣೆ ಏನನ್ನೂ ಬಳಿಯಬೇಡಿ, ಕಲ್ಲು ಹಾಳಾಗುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆದರೆ ಸವೆದ ಗೆರೆಯೂ ನೆರಳಾಗಿ ಎದ್ದು ಕಾಣುತ್ತದೆ. ಅಳತೆ ಗೊತ್ತಾಗಲು ಫೋಟೊದಲ್ಲಿ ಸ್ಕೇಲು ಇರಲಿ.

ಭೂಗೋಳ: ‘ಇಲ್ಲೇ ಏಕೆ?’

ಭೂಗೋಳದ ಉತ್ತರಗಳೆಲ್ಲ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತವೆ. ಆಗುಂಬೆಯಲ್ಲಿ ಮಳೆ ಸುರಿಯುವಾಗ ಅದರ ಪೂರ್ವಕ್ಕಿರುವ ಚಳ್ಳಕೆರೆಯಲ್ಲಿ ಬಿಸಿಲು ಏಕೆ? ಅರಬ್ಬಿ ಸಮುದ್ರದಿಂದ ತೇವ ಹೊತ್ತ ನೈಋತ್ಯ ಮಾನ್ಸೂನ್ ಮಾರುತ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲೇರಿದಂತೆ ತಣಿಯುತ್ತದೆ, ತಣಿದು ಮಳೆ ಸುರಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಈ ಮಳೆ ನೆರಳಿನ ಕಾರಣ ಗೊತ್ತಾದರೆ ಮಳೆಯ ಹಂಚಿಕೆ, ಕಾಡು, ಬೆಳೆ ಮೂರು ಪಾಠಗಳ ಅರ್ಧ ಭಾಗ ಅರ್ಥವಾದಂತೆ. ಕಪ್ಪು ಮಣ್ಣೂ ಹಾಗೆಯೇ: ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಆದ ಮಣ್ಣು, ತೇವ ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿಗೆ ಒಗ್ಗುತ್ತದೆ, ಹತ್ತಿ ಸಿಗುವ ಕಡೆ ಮುಂಬೈ, ಅಹಮದಾಬಾದ್‌ನ ಬಟ್ಟೆ ಗಿರಣಿಗಳು ಬಂದವು.

ಕೈಗಾರಿಕೆಯ ಪಾಠದಲ್ಲಿ ‘ಕಚ್ಚಾ ಸಾಮಗ್ರಿ, ನೀರು, ವಿದ್ಯುತ್, ಕಾರ್ಮಿಕರು, ಸಾರಿಗೆ, ಮಾರುಕಟ್ಟೆ’ ಎಂಬ ಒಂದೇ ಮಂತ್ರವನ್ನು ಎಲ್ಲ ಕೈಗಾರಿಕೆಗೂ ಬರೆಯುತ್ತಾರೆ. ತಪ್ಪೇನಲ್ಲ, ಆದರೆ ಟೊಳ್ಳು. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಕೇಳಿದರೆ ಹೀಗೆ ಬರೆಯಿರಿ: ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯ ಅದಿರು; ಕಲ್ಲಿದ್ದಲು ಹತ್ತಿರವಿಲ್ಲದ ಕಾರಣ ಮೊದಲು ಮಲೆನಾಡಿನ ಕಾಡಿನ ಇದ್ದಿಲು, ಆಮೇಲೆ ಜೋಗದ ಜಲವಿದ್ಯುತ್; ಭಂಡಿಗುಡ್ಡದ ಸುಣ್ಣಕಲ್ಲು; ಭದ್ರಾ ನದಿಯ ನೀರು. ಜಮ್‌ಶೆಡ್‌ಪುರವಾದರೆ ಝರಿಯಾದ ಕಲ್ಲಿದ್ದಲು, ಸಿಂಗ್‌ಭೂಮ್ ಮತ್ತು ಮಯೂರ್‌ಭಂಜ್‌ನ ಅದಿರು, ಸುವರ್ಣರೇಖಾ ನದಿ, ಕೋಲ್ಕತ್ತಾ ಬಂದರು. ಎರಡನ್ನೂ ಪಕ್ಕಪಕ್ಕ ಬರೆದಾಗ ವ್ಯತ್ಯಾಸ ಎದ್ದು ಕಾಣುತ್ತದೆ: ಅಲ್ಲಿ ಕಲ್ಲಿದ್ದಲು ಇದೆ, ಇಲ್ಲಿ ಇಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿ ಕಾರ್ಖಾನೆ ಇದ್ದಿಲನ್ನು ನೆಚ್ಚಿದ್ದು ಅದಕ್ಕೇ.

ಸಾಮಾಜಿಕ ಸಮಸ್ಯೆ: ಒಂದು ಬೀದಿ, ಇಪ್ಪತ್ತು ಮನೆ

ಸಮಾಜಶಾಸ್ತ್ರದ ಪಾಠಗಳನ್ನು ಮಕ್ಕಳು ನೀತಿಪಾಠದ ಹಾಗೆ ಓದುತ್ತಾರೆ. ‘ಬಾಲಕಾರ್ಮಿಕತನ ಒಂದು ಪಿಡುಗು, ಅದನ್ನು ತೊಡೆದುಹಾಕಬೇಕು’ ಎಂಬ ಸಾಲಿಗೆ ಅಂಕ ಸಿಗುವುದಿಲ್ಲ. ಬೇಕಾದದ್ದು ಕಾರಣ, ಪರಿಣಾಮ, ಕಾನೂನು. ಅಸ್ಪೃಶ್ಯತೆಗೆ ಸಂವಿಧಾನದ 17ನೇ ವಿಧಿ, 1955ರ ಕಾಯಿದೆ. ವರದಕ್ಷಿಣೆಗೆ 1961ರ ನಿಷೇಧ ಕಾಯಿದೆ. ಬಾಲಕಾರ್ಮಿಕತನಕ್ಕೆ 24ನೇ ವಿಧಿ, 1986ರ ಕಾಯಿದೆ, 2016ರ ತಿದ್ದುಪಡಿ. ಬಾಲ್ಯವಿವಾಹಕ್ಕೆ 2006ರ ಕಾಯಿದೆ, ಶಿಕ್ಷಣಕ್ಕೆ 21ಎ ವಿಧಿ ಮತ್ತು 2009ರ ಕಾಯಿದೆ. ಇವನ್ನು ಒಂದು ಪುಟದಲ್ಲಿ ಒಟ್ಟಿಗೆ ಬರೆದಿಡಿ. ಬೇರೆ ಬೇರೆ ಪಾಠಗಳಲ್ಲಿ ಬಿಡಿಬಿಡಿಯಾಗಿ ಓದಿದರೆ 17 ಮತ್ತು 24, 1955 ಮತ್ತು 1961 ಅದಲುಬದಲಾಗುತ್ತವೆ.

ಸಮಸ್ಯೆಯನ್ನು ನಿಜವಾಗಿ ಅರಿಯಲು ಒಂದು ಸಣ್ಣ ಸಮೀಕ್ಷೆಗಿಂತ ಒಳ್ಳೆಯ ದಾರಿ ಇಲ್ಲ. ವಿಷಯ ದೊಡ್ಡದಾದಷ್ಟೂ ಪ್ರಾಜೆಕ್ಟ್ ಹಾಳು. ‘ಭಾರತದಲ್ಲಿ ನೀರಿನ ಸಮಸ್ಯೆ’ ಬೇಡ. ‘ನಮ್ಮ ಬೀದಿಯ 20 ಮನೆಗಳಲ್ಲಿ ನೀರು ತರುವವರು ಯಾರು, ತಲೆಗೆ ಎಷ್ಟು ಲೀಟರ್ ಸಿಗುತ್ತದೆ’ ಸಾಕು. ಇಪ್ಪತ್ತು ಮನೆ ಎಂದರೆ ಒಂದು ಮನೆಗೆ 5 ಪ್ರತಿಶತ, ಲೆಕ್ಕ ಸುಲಭ. ಮೊದಲು ನಿಮ್ಮ ಮನೆಯ ಕೊಡಕ್ಕೆ ಒಂದು ಲೀಟರ್ ಬಾಟಲಿಯಿಂದ ನೀರು ತುಂಬಿಸಿ ಅದು ಎಷ್ಟು ಲೀಟರ್ ಹಿಡಿಯುತ್ತದೆಂದು ಅಳೆಯಿರಿ. ಆಮೇಲೆ ಮನೆಮನೆಗೆ ಹೋಗಿ ಆರೇ ಪ್ರಶ್ನೆ ಕೇಳಿ: ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ (ಮನೆಯ ನಲ್ಲಿ, ಬೀದಿ ನಲ್ಲಿ, ಬೋರ್‌ವೆಲ್, ಟ್ಯಾಂಕರ್), ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಬಿಟ್ಟ ದಿನ ಎಷ್ಟು ಕೊಡ ಅಥವಾ ಡ್ರಮ್ಮು ಹಿಡಿಯುತ್ತೀರಿ, ತುಂಬುವವರು ಯಾರು, ಅದಕ್ಕೆ ಎಷ್ಟು ಹೊತ್ತು.

ವಾರದ ಒಟ್ಟು ಲೀಟರನ್ನು 7ರಿಂದ, ಬಂದದ್ದನ್ನು ಜನರ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ 15 ಲೀಟರಿನ ಕೊಡ, ದಿನಕ್ಕೆ 12 ಕೊಡ, ಐದು ಜನ ಎಂದರೆ ತಲೆಗೆ 36 ಲೀಟರ್. 2019ರಲ್ಲಿ ಘೋಷಿಸಿದ ಜಲ ಜೀವನ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ನಿಮ್ಮ ಬೀದಿಯ ಎಷ್ಟು ಮನೆ ಅದರ ಕೆಳಗಿವೆ ಎಂಬುದೇ ಪ್ರಾಜೆಕ್ಟ್‌ನ ಮುಖ್ಯ ಫಲ. ‘ತುಂಬುವವರು ಯಾರು’ ಎಂಬ ಕಾಲಂ ಕೂಡಿದಾಗ ಹೆಂಗಸರು, ಹೆಣ್ಣುಮಕ್ಕಳ ಕಡೆ ಎಷ್ಟು ಗುರುತು ಬಿದ್ದಿವೆ ಎಂದು ಎಣಿಸಿ. ಲಿಂಗ ತಾರತಮ್ಯ, ಹೆಣ್ಣುಮಕ್ಕಳು ಶಾಲೆಗೆ ತಡವಾಗುವುದು, ಸಂಬಳವಿಲ್ಲದ ದುಡಿಮೆ ಮೂರೂ ಆ ಒಂದು ಕಾಲಂನಲ್ಲಿ ಸಿಗುತ್ತವೆ. ನೀರಗಂಟಿಯನ್ನೂ ಮಾತಾಡಿಸಿ. ವಿದ್ಯುತ್ ಯಾವಾಗ ಇರುತ್ತದೆ, ಓವರ್‌ಹೆಡ್ ಟ್ಯಾಂಕ್ ತುಂಬಲು ಎಷ್ಟು ಹೊತ್ತು, ಬೀದಿಯ ಕೊನೆಯ ಮನೆಗೆ ಒತ್ತಡ ಏಕೆ ಸಾಲದು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಹೆಸರು ಬರೆದುಕೊಳ್ಳಬೇಡಿ, ಮನೆಗೆ 1ರಿಂದ 20ರವರೆಗೆ ಸಂಖ್ಯೆ ಕೊಡಿ. ಜಾತಿ, ಆದಾಯ ಕೇಳಬೇಡಿ. ಹೋಟೆಲಿನಲ್ಲೋ ಗ್ಯಾರೇಜಿನಲ್ಲೋ ದುಡಿಯುವ ಮಗು ಕಂಡರೆ ಅದನ್ನು ನಿಲ್ಲಿಸಿಕೊಂಡು ಪ್ರಶ್ನೆ ಹಾಕುವುದು, ಫೋಟೊ ತೆಗೆಯುವುದು ಖಂಡಿತ ಬೇಡ. ಅದರಿಂದ ಆ ಮಗುವಿಗೇ ತೊಂದರೆ. ಮೇಷ್ಟ್ರಿಗೆ ತಿಳಿಸಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಉತ್ತರ ಬರೆಯುವಾಗ

ಇತ್ತೀಚಿನ ವರ್ಷಗಳ ಪತ್ರಿಕೆ 80 ಅಂಕದ್ದು, ಆಂತರಿಕ ಮೌಲ್ಯಮಾಪನಕ್ಕೆ 20. ಒಂದು, ಎರಡು, ಮೂರು, ನಾಲ್ಕು ಅಂಕದ ಪ್ರಶ್ನೆಗಳು, ಕೊನೆಗೆ ನಕ್ಷೆ. ಮೌಲ್ಯಮಾಪನದಲ್ಲಿ ಸಾಮಾನ್ಯವಾಗಿ ಒಂದು ಅಂಶಕ್ಕೆ ಅರ್ಧ ಅಂಕ ಎಂಬ ಲೆಕ್ಕ. ಎರಡು ಅಂಕಕ್ಕೆ ನಾಲ್ಕು, ಮೂರಕ್ಕೆ ಆರು, ನಾಲ್ಕಕ್ಕೆ ಎಂಟು ಅಂಶ. ಒಂದೇ ಮಾತನ್ನು ಬೇರೆ ಪದಗಳಲ್ಲಿ ಎರಡು ಸಲ ಬರೆದರೆ ಅದು ಎರಡು ಅಂಶವಾಗುವುದಿಲ್ಲ. ಒಂದೊಂದು ಅಂಶವನ್ನು ಹೊಸ ಸಾಲಿನಿಂದ ಬರೆಯಿರಿ. ತಿದ್ದುವವರ ಕಣ್ಣು ಎಣಿಸುತ್ತಾ ಹೋಗುತ್ತದೆ, ಒಂದೇ ಪ್ಯಾರಾದಲ್ಲಿ ಅಡಗಿದ ಆರನೇ ಅಂಶ ತಪ್ಪಿಹೋಗಬಹುದು.

ಪ್ರಶ್ನೆಯ ಕೊನೆಯ ಪದ ನೋಡಿ. ‘ಹೆಸರಿಸಿ’ ಎಂದರೆ ಹೆಸರಷ್ಟೇ. ‘ಸಮರ್ಥಿಸಿ’ ಎಂದರೆ ಪ್ರತಿ ಅಂಶದಲ್ಲೂ ‘ಏಕೆಂದರೆ’ ಇರಬೇಕು. ‘ವ್ಯತ್ಯಾಸ ತಿಳಿಸಿ’ ಎಂದರೆ ಎದುರುಬದುರು ಎರಡು ಕಾಲಂ. ‘ಕಾರಣಗಳು’ ಕೇಳಿದಾಗ ಪರಿಣಾಮ ಬರೆದು ಪೂರ್ತಿ ಅಂಕ ಕಳೆದುಕೊಳ್ಳುವುದು 1857ರ ಪ್ರಶ್ನೆಯಲ್ಲಿ ಅತಿ ಹೆಚ್ಚು. ಅದರಲ್ಲೂ ರಾಜಕೀಯ, ಆರ್ಥಿಕ, ಸೈನಿಕ, ತಕ್ಷಣದ ಕಾರಣ ಎಂದು ತಲೆಬರಹ ಕೊಟ್ಟು ಬರೆಯಿರಿ. ಕೊಬ್ಬು ಸವರಿದ ತೋಟಾಗಳ ಸುದ್ದಿ ತಕ್ಷಣದ ಕಾರಣವಷ್ಟೇ, ಅದೊಂದನ್ನೇ ಬರೆದು ನಿಲ್ಲಿಸಿದರೆ ಉಳಿದ ಅಂಕ ಹೋಯಿತು.

ಬರೆಯಲು ಸಿಗುವ ಮೂರು ಗಂಟೆಯಲ್ಲಿ ಅಂಕಕ್ಕೆ ಎರಡು ನಿಮಿಷದಂತೆ 160 ನಿಮಿಷ. ಉಳಿದ 20 ನಿಮಿಷ ನಕ್ಷೆಯ ಹೆಚ್ಚುವರಿ ಹೊತ್ತಿಗೆ ಮತ್ತು ತಿರುಗಿ ನೋಡಲು. ನಕ್ಷೆಯನ್ನು ಕೊನೆಗೆ ಉಳಿಸಿಕೊಂಡು ಗಂಟೆ ಹೊಡೆಯುವಾಗ ಗಡಿಬಿಡಿಯಲ್ಲಿ ಬರೆಯುವವರೇ ಹೆಚ್ಚು. ಒಂದು ಅಂಕದ ಪ್ರಶ್ನೆಗಳು ಮುಗಿದ ಕೂಡಲೇ, ಕೈ ಇನ್ನೂ ದಣಿಯದಿರುವಾಗ ನಕ್ಷೆ ಬರೆದುಬಿಡಿ. ಗಡಿ, ಚುಕ್ಕಿ, ನದಿ ಎಲ್ಲ ಪೆನ್ಸಿಲ್‌ನಲ್ಲಿರಲಿ. ಅಳತೆಗೆಂದು ಹಾಕಿದ ಆಯತವನ್ನು ರಬ್ಬರಿನಿಂದ ಅಳಿಸಿ. ಎರಡು ಗೆರೆಗಳಲ್ಲಿ ಕೇಳಿದ್ದನ್ನು ಮಾತ್ರ ಉಳಿಸಿ, ಅದರ ಹೆಸರನ್ನು ಗೆರೆಯ ತುದಿಯಲ್ಲಿ ನಕ್ಷೆಯ ಹೊರಗೆ ಬರೆಯಿರಿ.